ಹೊಡೆದ ಸಾಲಿಗೆ ಸಹಿ ಯಾರದು

ಮೂವತ್ತೆರಡನೇ ಪುಟ ನೋಡಿ, ಪ್ರೆಸ್ಸಿನಲ್ಲಿ ಅಚ್ಚಿನ ಕರಡು ಓದಿ ತಿದ್ದುವ ಪ್ರೂಫಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎಂಟನೇ ತರಗತಿಯ ಸಮಾಜ ಪುಸ್ತಕದ ಕೊನೆಯ ಪ್ರೂಫು ಶಿಕ್ಷಣ ಇಲಾಖೆಯಿಂದ ವಾಪಸು ಬಂದಿತ್ತು. ಅದರಲ್ಲಿ ಒಂದೇ ಒಂದು ಸಾಲಿನ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಟೆಳೆದಿದ್ದರು.

ಆ ಪುಟದ ಪಾಠ ಒಬ್ಬ ತತ್ವಜ್ಞಾನಿಯ ಕುರಿತದ್ದು. ರಾಜನ ಅಧಿಕಾರ ಆಕಾಶದಿಂದ ಉದುರಿದ್ದಲ್ಲ, ಜನ ನಂಬಿ ಕೊಟ್ಟದ್ದು ಎಂದು ಮುನ್ನೂರು ವರ್ಷದ ಹಿಂದೆ ಬರೆದ ಪುಣ್ಯಾತ್ಮ. ಆ ಕಾಲಕ್ಕೆ ಅದು ತಲೆ ಹೋಗುವ ಮಾತು. ಇವತ್ತು ನಾವು ಸಾಲಾಗಿ ನಿಂತು ಓಟು ಹಾಕುತ್ತೇವಲ್ಲ, ಅದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಅವನೂ ಒಬ್ಬ. ‘ಜನ ಅಧಿಕಾರ ಕೊಡುತ್ತಾರೆ’ ಎಂಬುದನ್ನು ಹಾಗೇ ಬಿಟ್ಟು, ‘ನಂಬಿಕೆ ಮುರಿದರೆ ಕೊಟ್ಟವರೇ ಅದನ್ನು ವಾಪಸು ಪಡೆಯಬಹುದು’ ಎಂಬುದನ್ನು ಹೊಡೆದುಹಾಕಿದ್ದರು. ಕೊಡುವುದಕ್ಕೆ ಜನ ಬೇಕು, ಕೇಳುವುದಕ್ಕೆ ಬೇಡ! ಮಕ್ಕಳ ಕಣ್ಣಿಗೆ ಮಣ್ಣೆರಚಲು ಇವರಿಗೆ ನಾಚಿಕೆಯಾದರೂ ಬೇಡವೇ?

ಆ ಪ್ರೆಸ್ಸಿನಲ್ಲಿ ಒಂದು ಕಟ್ಟುಪಾಡಿತ್ತು. ಹಿಂದೊಮ್ಮೆ ಪರೀಕ್ಷೆಯ ವೇಳಾಪಟ್ಟಿ ತಪ್ಪಾಗಿ ಅಚ್ಚಾದಾಗ ನಾನಲ್ಲ, ನೀನಲ್ಲ ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದರು. ಅಂದಿನಿಂದ, ಯಾರು ತಿದ್ದಿದರೋ ಅವರ ಸಹಿ ಅಂಚಿನಲ್ಲಿ ಇರಲೇಬೇಕು. ಸಹಿಯಿಲ್ಲದ ಗೀಟು ಲೆಕ್ಕಕ್ಕಿಲ್ಲ. ಪ್ರೆಸ್ಸು ಕಟ್ಟಿದ ಅವಳ ಗಂಡನೇ ಇದನ್ನು ತಂದದ್ದು. ಅವನು ಹೋದ ಮೇಲೆ ಯಜಮಾನಿಕೆ ಮೈದುನನದು, ಪ್ರೂಫು ಇವಳದು, ಸಂಬಳ ತಿಂಗಳಿಗೊಮ್ಮೆ.

ಸಹಿ ಎಲ್ಲಿ ಎಂದು ಅವಳು ಇಲಾಖೆಗೆ ಫೋನು ಮಾಡಿದಳು. ಮೇಲಿನಿಂದ ಹೇಳಿದ್ದಾರೆ ಎಂದರು. ಮೇಲೆ ಎಂದರೆ ಯಾರು ಎಂದು ಕೇಳಿದ್ದೇ ತಡ, ಫೋನು ಇಟ್ಟರು. ಮೈದುನನ ಮುಖ ಬಿಳಿಚಿಕೊಂಡಿತು. ಈ ಕೆಲಸ ಬೇರೆ ಪ್ರೆಸ್ಸಿಗೆ ಹೋದರೆ ನಿಮ್ಮ ಕುರ್ಚಿಯೂ ಅದರ ಹಿಂದೆಯೇ ಹೋಗುತ್ತದೆ ಎಂದು ಬಾಯಿಬಿಟ್ಟೇ ಹೇಳಿದ.

ಮರುದಿನ ಇಲಾಖೆಯ ಅಧಿಕಾರಿಯೇ ಬಂದ. ಮೈದುನ ತನ್ನ ಕರವಸ್ತ್ರದಿಂದ ಕುರ್ಚಿ ಒರೆಸಿದ. ಪ್ರೂಫಮ್ಮ ಪುಟದ ಜೊತೆಗೆ ಪೆನ್ನನ್ನೂ ಮುಂದಿಟ್ಟಳು.

“ಗೀಟಿನ ಪಕ್ಕ ಒಂದು ಸಹಿ ಹಾಕಿ ಸಾರ್. ಈಗಲೇ ಸಾಲು ತೆಗೀತೀನಿ.”

ಅಧಿಕಾರಿ ಪೆನ್ನು ಮುಟ್ಟಲಿಲ್ಲ. ಇಂಥದ್ದಕ್ಕೆಲ್ಲ ಸಹಿ ಹಾಕುವ ಪದ್ಧತಿಯಿಲ್ಲ, ಬೇಕಾದರೆ ಯಜಮಾನರು ಹಾಕಲಿ ಎಂದ. ಯಜಮಾನ, ಓದುವವರು ಅತ್ತಿಗೆ ತಾನೇ, ಅವರೇ ಹಾಕಲಿ ಎಂದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಅವಳಿಗೆ ತಡೆಯಲಾಗಲಿಲ್ಲ.

“ಸಾಲು ಹೊಡೆಯೋಕೆ ಎಲ್ಲರಿಗೂ ಕೈ ಇದೆ, ಹೊಡೆದದ್ದು ನಾನು ಅನ್ನೋಕೆ ಯಾರಿಗೂ ಬಾಯಿಲ್ಲ. ನನ್ನ ಹೆಸರು ಯಾಕೆ ಹಾಕಲಿ?”

ಅವರೆದುರಿಗೇ ರಬ್ಬರಿನಿಂದ ಗೀಟು ಉಜ್ಜಿ, ಪುಟದ ಕೆಳಗೆ ‘ಹೀಗೇ ಅಚ್ಚಾಗಲಿ’ ಎಂದು ಶಾಯಿಯಲ್ಲಿ ಬರೆದು ಸಹಿ ಹಾಕಿ ಮೆಷಿನ್ನಿನವನ ಕೈಗಿತ್ತಳು. ಅವನು ಯಜಮಾನನ ಮುಖ ನೋಡಿದ, ಸಹಿ ನೋಡಿದ, ಪುಟ ಹಿಡಿದು ಒಳಗೆ ಹೋದ. ಮುಂದಿನ ವರ್ಷ ಈ ಕೆಲಸ ನಿಮಗೆ ಹೇಗೆ ಸಿಗುತ್ತದೋ ನೋಡಿಕೊಳ್ಳುತ್ತೇನೆ ಎನ್ನುತ್ತ ಅಧಿಕಾರಿ ಎದ್ದು ನಡೆದ.

ಮೈದುನ ಕೆಂಡವಾದ. “ನಾಳೆಯಿಂದ ನೀವು ಬರೋದು ಬೇಡ ಅತ್ತಿಗೆ.”

“ಬರೆದುಕೊಡು. ಯಾಕೆ ತೆಗೆದೆ ಅಂತ ಕಾರಣನೂ ಬರಿ.”

ಅವನು ರೋಷದಲ್ಲೇ ಬರೆದ. ಜನ ತಾವು ಕೊಟ್ಟ ಅಧಿಕಾರವನ್ನು ವಾಪಸು ಪಡೆಯಬಹುದು ಎಂಬ ಸಾಲನ್ನು ಪಾಠದಿಂದ ತೆಗೆಯಲು ಒಪ್ಪದ ಕಾರಣ, ಎನ್ನುವಲ್ಲಿಗೆ ಕೈ ನಿಧಾನವಾಯಿತು. ಮೊದಲಿನಿಂದ ಒಮ್ಮೆ ಓದಿಕೊಂಡ. ಕಿವಿ ಕೆಂಪಾಯಿತು. ಒಳಗೆ ಮೆಷಿನ್ನು ಓಡತೊಡಗಿತ್ತು.

ಅವಳು ಕಾದಳು. ಕಾಗದದ ಕೆಳಗೆ ಅವನ ಸಹಿ ಬೀಳಲಿಲ್ಲ. ಆಗ ಕನ್ನಡಕ ಏರಿಸಿಕೊಂಡು, ಮೂವತ್ತಮೂರನೇ ಪುಟ ಎಳೆದುಕೊಂಡು ಓದಲು ಕೂತಳು.