ಗುಡ್ಡಮ್ಮನ ಕಡವಿಗೆ ಸೇತುವೆ ಬಂತು

ನಮ್ಮ ಮಂಜಿನಸೀಮೆಯನ್ನು ಹಾಳು ಮಾಡಿದವರು ಎಲ್ಲೋ ದೂರದ ದೇಶದಲ್ಲಿ ಕೂತು ಪುಸ್ತಕ ಬರೆಯುವ ಜನ. ಅವರ ಕೈ ಸೇದಿಹೋಗಲಿ ಅಂತ ಅವತ್ತು ಬಾಯಿ ತುಂಬ ಶಾಪ ಹಾಕಿದ್ದೆ. ಇವತ್ತು ಅವರೇನಾದರೂ ದಾರಿ ತಪ್ಪಿ ನಮ್ಮೂರು ಬೇಗಾರಿಗೆ ಬಂದರೆ ಮಣೆ ಹಾಕಿ ಕೂರಿಸಿ ಊಟ ಬಡಿಸುತ್ತೇನೆ.

ಮಂಜಿನಸೀಮೆಯನ್ನು ಭೂಪಟದಲ್ಲಿ ಹುಡುಕಬೇಡಿ, ಅದು ಒಂದು ಆಟದೊಳಗಿನ ನಾಡು. ನಮ್ಮಣ್ಣ ಯಶವಂತ ಶೃಂಗೇರಿಯ ಲಾಡ್ಜೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದ. ಯಾರೋ ಯಾತ್ರಿಕರು ರೂಮಿನಲ್ಲಿ ದಪ್ಪ ಇಂಗ್ಲಿಷ್ ಪುಸ್ತಕ ಬಿಟ್ಟುಹೋದರು, ಎಷ್ಟು ಕಾದರೂ ಕೇಳಿಕೊಂಡು ಬರಲಿಲ್ಲ. ಬಿಡಿಸಿ ಓದಿದರೆ ಅದೊಂದು ಆಟ. ಒಬ್ಬರು ಒಂದು ನಾಡಿನ ಕಥೆ ಹೇಳುತ್ತಾ ಹೋಗಬೇಕು, ಉಳಿದವರು ಆ ನಾಡಿನ ಒಬ್ಬೊಬ್ಬರಾಗಿ ‘ನಾನು ಹೀಗೆ ಮಾಡಿದೆ’ ಅನ್ನಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ದಾಳ ಹೇಳುತ್ತದೆ. ಅವರ ದಾಳ ನಮ್ಮಲ್ಲಿರಲಿಲ್ಲ. ಚೌಕಾಬಾರದ ಕವಡೆ ಇದ್ದವಲ್ಲ, ಸಾಕಾಯಿತು.

ಬಾಯಿಗಷ್ಟೇ ಕೆಲಸ, ಕೈ ಪೂರ್ತಿ ಖಾಲಿ. ಅಡಿಕೆ ಸುಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೆ? ಕೊಯ್ಲು ಶುರುವಾದರೆ ಭಾನುವಾರ ಮಧ್ಯಾಹ್ನ ಚಪ್ಪರದಡಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತು, ಸಿಪ್ಪೆ ಬಿಡಿಸುತ್ತಾ ರಾಕ್ಷಸರನ್ನು ಕೊಲ್ಲುತ್ತಿದ್ದೆವು. ಅಣ್ಣ ಕಥೆ ನಡೆಸುವವನು. ನಾನು ಕತ್ತಿ ಹಿಡಿದ ರಾಣಿ, ಬೇರೆ ಏನಾಗಲು ಸಾಧ್ಯ ನನ್ನಂಥ ಮುಂಗೋಪಿ? ಪಕ್ಕದ ಮನೆಯ ಕರಿಯಣ್ಣ ಮಂತ್ರವಾದಿ, ಒಂದು ಮಂತ್ರವೂ ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕೊಪ್ಪದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಚಿಕ್ಕಮ್ಮನ ಮಗ ನಿತೀಶ ಬೇಟೆಗಾರ. ನಮ್ಮೆಲ್ಲರಿಗಿಂತ ಚಂದ ಆಡುತ್ತಿದ್ದವಳು ಯಮುನಮ್ಮ ದೊಡ್ಡಮ್ಮ.

ದೊಡ್ಡಮ್ಮ ಅಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ಹೋದರು, ಮಕ್ಕಳಾಗಿರಲಿಲ್ಲ. ನನ್ನನ್ನೂ ಅಣ್ಣನನ್ನೂ ಕಂಕುಳಲ್ಲಿಟ್ಟುಕೊಂಡು ಬೆಳೆಸಿದವಳು ಅವಳೇ. ಅವಳ ತೌರು ನರಸಿಂಹರಾಜಪುರದ ಕಡೆ. ಆ ಊರು ಭದ್ರಾ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ಕಾಲವಾಯಿತು. ಆಟದಲ್ಲಿ ಅವಳು ಕತ್ತಿ ಕೇಳಲಿಲ್ಲ, ಮಂತ್ರ ಕೇಳಲಿಲ್ಲ. “ನಂಗೊಂದು ದೋಣಿ ಕೊಡಿ” ಅಂದಳು. ಗುಡ್ಡಮ್ಮ ಅಂತ ಹೆಸರಿಟ್ಟುಕೊಂಡು ಬೆಳ್ಳಿಹೊಳೆಯ ಕಡವಿನಲ್ಲಿ ಬಂದವರನ್ನೆಲ್ಲ ದಾಟಿಸುತ್ತಿದ್ದಳು. ನಾವು ವಾರಗಟ್ಟಲೆ ಹೊಡೆದರೂ ಸಾಯದ ರಾಕ್ಷಸನೊಬ್ಬನಿಗೆ “ಆ ಗದೆ ಇಲ್ಲೇ ಇಟ್ಟು ಹತ್ತು ಮಾರಾಯ, ದೋಣಿ ಭಾರ ತಡಿಯಲ್ಲ” ಅಂದು ಆಚೆ ದಡಕ್ಕೆ ಬಿಟ್ಟು ಬಂದಳು. ಅವನ ಕಾಟ ಅಲ್ಲಿಗೆ ಮುಗಿಯಿತು.

ಎರಡು ಸಾವಿರದ ಎಂಟರ ಕೊಯ್ಲಿಗೆ ನಿತೀಶ ಹೊಸ ಪುಸ್ತಕ ತರಿಸಿಕೊಂಡು ಬಂದ. ಆಟದ ಕಂಪನಿಯವರು ಇಡೀ ನಾಡನ್ನೇ ಬದಲಿಸಿಬಿಟ್ಟಿದ್ದರು. ಆಕಾಶ ಒಡೆದು ಬೆಂಕಿ ಸುರಿಯಿತಂತೆ, ಅರ್ಧ ಊರುಗಳು ನೆಲಸಮವಂತೆ, ಅದಾಗಿ ನೂರು ವರ್ಷ ಕಳೆದಿದೆಯಂತೆ. ಇನ್ನು ಮುಂದೆ ಆಟ ಅಲ್ಲಿಂದ.

“ಇಂಟರ್‌ನೆಟ್‌ನಲ್ಲಿ ದೊಡ್ಡ ಗಲಾಟೆ” ಅಂದ ನಿತೀಶ. “ಕೆಲವರು ಅಳ್ತಾ ಇದಾರೆ. ಒಬ್ಬ ಪುಸ್ತಕನೇ ಸುಟ್ಟನಂತೆ. ಇನ್ನು ಕೆಲವರಿಗೆ ಭಾರಿ ಖುಷಿ. ನಂಗಂತೂ ಇಷ್ಟ ಆಯ್ತಪ್ಪ, ಈಗ ಆಟದಲ್ಲಿ ತಲೆಗೆ ಕೊಂಬಿರೋರೂ ಆಗ್ಬೋದು.”

“ನಿಂಗೆ ಕೊಂಬು ಬೇರೆ ಕೇಡು” ಅಂದೆ. ನನ್ನ ರಾಣಿ ಸತ್ತಿದ್ದಳು, ಅವಳ ಕೋಟೆಯಲ್ಲಿ ಈಗ ಮುಳ್ಳುಗಿಡ.

ಕರಿಯಣ್ಣ ಯೋಚನೆಗೆ ಬಿದ್ದ. “ಅಲ್ಲ, ಎಲ್ರೂ ಹೋದ್ರು ಅಂದ್ರೆ ನಮ್ಗೆ ಸೂತಕ ಉಂಟನಾ? ನಾಳೆ ಮಗಳ ಮನೆ ಗೃಹಪ್ರವೇಶ.” ಸೂತಕ ಇಲ್ಲವೆಂದೂ, ಹೊಸ ಆಟದಲ್ಲಿ ಮಂತ್ರ ನೆನಪಿಡಬೇಕಾಗಿಲ್ಲವೆಂದೂ ತಿಳಿದ ಮೇಲೆ ಅವನೂ ನಿತೀಶನ ಪಕ್ಷ ಸೇರಿದ.

ದೊಡ್ಡಮ್ಮ ಸುಲಿಯುತ್ತಲೇ ಕೇಳಿದಳು. “ಕಡವು ಉಂಟಾ ಯಶವಂತ?”

ಅಣ್ಣ ಹಾಳೆ ತಿರುವಿದ. “ಸೇತುವೆ ಬಂದಿದೆ ದೊಡ್ಡಮ್ಮ.”

“ಗುಡ್ಡಮ್ಮ?”

“ನೂರು ವರ್ಷ ಆಯ್ತಲ್ಲ. ಬೇಜಾರು ಮಾಡ್ಕಬೇಡ, ಅವ್ಳ ಮೊಮ್ಮಗಳೋ ಮರಿಮಗಳೋ ಆಗಿ ಆಡು.”

“ಅವ್ಳಿಗೆ ಮಕ್ಕಳಿರ್ಲಿಲ್ಲ” ಅಂದಳು ದೊಡ್ಡಮ್ಮ. ಕೈಯಲ್ಲಿದ್ದ ಅಡಿಕೆ ಮುಗಿಸಿ, ಸೆರಗು ಕೊಡವಿ ಎದ್ದಳು. “ನಂಗೆ ಸಾಕು. ನೀವು ಆಡ್ಕಳಿ.”

ಅಣ್ಣನಿಗೆ ಏನಾಯಿತೆಂದು ತಿಳಿಯಲಿಲ್ಲ, ನನಗೆ ತಿಳಿಯಿತು. ದೀಪಾವಳಿಯಲ್ಲಿ ಹಿರಿಯರಿಗೆ ಎಡೆ ಇಡುವ ಮನೆ ನಮ್ಮದು. ಸತ್ತವರಿಗೆ ಏನೇನು ಇಷ್ಟವೋ ಅದನ್ನೇ ಬಾಳೆಲೆಯಲ್ಲಿ ಬಡಿಸಿ, ಅವರು ಬಂದು ಉಂಡು ಹೋಗಲಿ ಅಂತ ಬಾಗಿಲು ಮುಂದೆ ಮಾಡಿ ಹೊರಗೆ ಕಾಯುತ್ತೇವೆ. ದೊಡ್ಡಪ್ಪನಿಗೆ ದೊಡ್ಡಮ್ಮನೇ ಬಡಿಸುತ್ತಿದ್ದಳು. ಆ ಸಲ ಎಲೆ ತೊಳೆಯುತ್ತಾ, “ನಂಗೆ ಯಾರು ಇಡ್ತಾರೋ” ಅಂದಿದ್ದಳು. ಅಮ್ಮ ಒಳಗೆ ಕರೆದರು, ಮಾತು ಅಲ್ಲಿಗೇ ನಿಂತಿತು. ನಾನು ಮಾತ್ರ ಅದನ್ನು ಮರೆತಿರಲಿಲ್ಲ.

ಮುಂದಿನ ಭಾನುವಾರ ದೊಡ್ಡಮ್ಮ ತನ್ನ ಮೆಟ್ಟುಗತ್ತಿಯನ್ನು ಅಡುಗೆಮನೆ ಹಿಂದಕ್ಕೆ ಒಯ್ದು ಒಬ್ಬಳೇ ಸುಲಿಯಲು ಕೂತಳು. ನಾನೂ ಆ ದರಿದ್ರ ಹೊಸ ಸೀಮೆಗೆ ಕಾಲಿಡುವುದಿಲ್ಲ ಅಂತ ಪಟ್ಟು ಹಿಡಿದಿದ್ದವಳು, ಬೇಕೆಂದೇ ಹೋಗಿ ಚಪ್ಪರದಲ್ಲಿ ಕೂತೆ. ಅಣ್ಣ ಶುರು ಮಾಡಿದ. ಬೆಳ್ಳಿಹೊಳೆ, ಕಲ್ಲಿನ ಸೇತುವೆ, ಬೆಳಗಿನ ಹೊತ್ತು. “ಭವ್ಯ, ನೀನು ಎಂತ ಮಾಡ್ತಿ?”

“ಸೇತುವೆ ಹತ್ತಲ್ಲ. ಕೆಳಗೆ ಹಳೇ ಕಡವಿಗೆ ಇಳಿದೆ. ಎಲೆ ಹಾಸಿದೆ, ಎಡೆ ಇಟ್ಟೆ” ಅಂದೆ, ಅಡುಗೆಮನೆಗೆ ಕೇಳುವ ಹಾಗೆ.

“ಯಾರಿಗೆ?”

“ಗುಡ್ಡಮ್ಮಂಗೆ. ನನ್ನ ಮುತ್ತಜ್ಜಿನ ಬೆಂಕಿ ಮಳೇಲಿ ದೋಣಿ ಹತ್ತಿಸಿ ಉಳಿಸಿದವಳು ಅವ್ಳು. ಅವ್ಳು ದಾಟಿಸಿದ ಮನೆಯೋರೆಲ್ಲ ವರ್ಷಾ ವರ್ಷಾ ಇಲ್ಲಿಗೆ ಬರ್ತೀವಿ.”

ಅಣ್ಣ ಪುಸ್ತಕ ನೋಡಿದ. “ಹಂಗೆಲ್ಲ ಇದ್ರಲ್ಲಿ ಇಲ್ವಲ್ಲೆ.”

“ಬರ್ಕೊ ಹಂಗಾದ್ರೆ.”

ಅಣ್ಣ ಪುಸ್ತಕ ಮುಚ್ಚಿಟ್ಟ. ಕರಿಯಣ್ಣ ಕೆಮ್ಮಿ, “ನಮ್ಮ ಅಜ್ಜನ್ನೂ ಅವ್ಳೇ ದಾಟಿಸಿದ್ದು, ನಾನೂ ಒಂದು ಎಲೆ ಹಾಕ್ದೆ” ಅಂದ. ಕೊಂಬಿನ ನಿತೀಶ ತಾನು ಹೊಸಬ, ಗುಡ್ಡಮ್ಮ ಯಾರೆಂದು ಗೊತ್ತಿಲ್ಲ ಅಂದ. ಅವನಿಗೆ ರಾಕ್ಷಸನ ಗದೆಯ ಕಥೆ ಹೇಳಿದೆ. ನೂರು ವರ್ಷ ಹಾರಿಸಿದ ಪುಣ್ಯಾತ್ಮರ ಮೇಲಿನ ಸಿಟ್ಟು ಆಗಲೇ ಎಲ್ಲೋ ಜಾರಿಹೋಗಿತ್ತು.

ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. “ಎಡೆಗೆ ಎಂತ ಬಡಿಸ್ದೆ?”

“ಕಡುಬು, ಕಾಯಿಹಾಲು, ಹೋಳಿಗೆ.”

“ಮೀನು?”

“ಇಲ್ಲ.”

“ಹೊಳೆ ಮೇಲೆ ಬದುಕಿದವಳು ಮೀನಿಲ್ದೆ ಉಣ್ತಾಳೇನೆ? ಉಪವಾಸ ಎದ್ದು ಹೋಗ್ತಾಳೆ. ಹೊಳೆಮೀನು ಹುರಿದು ಇಡು, ಖಾರ ಕಡಿಮೆ.” ಮೆಟ್ಟುಗತ್ತಿ ತಂದು ನನ್ನ ಪಕ್ಕದಲ್ಲೇ ಹಾಕಿಕೊಂಡು ಕೂತಳು. “ನಂಗೊಂದು ದೋಣಿ ಕೊಡು ಯಶವಂತ. ಸೇತುವೆ ಅಂದ್ರೆ ಹೆದರೋರು ಇದ್ದೇ ಇರ್ತಾರೆ.”

ಆ ಕೊಯ್ಲು ಪೂರ್ತಿ ಅವಳು ನಮ್ಮನ್ನು ದಾಟಿಸಿದಳು. ಮುಂದಿನ ಮಳೆಗಾಲದಲ್ಲಿ ಜ್ವರ ಬಂತು, ಹೆಚ್ಚು ನರಳದೆ ಹೋದಳು.

ದೀಪಾವಳಿಗೆ ಎಲೆ ಹಾಸಿದವಳು ನಾನು. ಹೆಣ್ಣುಮಗಳು ಇಡುವುದುಂಟೆ ಅಂತ ನೆಂಟರಲ್ಲೊಬ್ಬರು ರಾಗ ಎಳೆದರು. ಅವರಿಗೆ ನಾನು ಕೊಟ್ಟ ಉತ್ತರ ಬರೆಯುವಂಥದ್ದಲ್ಲ. ಕಡುಬು, ಕಾಯಿಹಾಲು, ಹೋಳಿಗೆ ಬಡಿಸಿದೆ.

“ಯಮುನಕ್ಕಂಗೆ ಎಂತ ಇಷ್ಟ ಅಂತ ನಾವ್ಯಾರೂ ಕೇಳ್ಲೇ ಇಲ್ವಲ್ಲೆ” ಅಂದರು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ.

“ನಂಗೆ ಹೇಳಿದಾಳೆ” ಅಂದೆ. ಒಲೆಯ ಮೇಲಿಂದ ಹುರಿದ ಹೊಳೆಮೀನು ತಂದು ಎಲೆಯ ತುದಿಗೆ ಬಡಿಸಿ, ಬಾಗಿಲು ಮುಂದೆ ಮಾಡಿದೆ.