ಸೆರಗಿನೊಳಗಿನ ಮರಿ

ಎದೆ ಹಲಗೆಯಂತಿದೆಯೆಂದು ಗಂಡ ಹಂಗಿಸುತ್ತಲೇ ಇದ್ದ. ಮಂಗಳಾ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ ದೊಡ್ಡದು ಮಾಡಿಸಿಕೊಂಡಳು. ಊತ, ನೋವು ಇಳಿದವು. ಚರ್ಮ ಮಾತ್ರ ಮರಗಟ್ಟಿಯೇ ಇತ್ತು. ಸರಿಹೋಗಲು ತಿಂಗಳುಗಳೇ ಬೇಕು ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಗಂಡ ಬೇರೊಬ್ಬಳ ಹಿಂದೆ ಹೋದ. ಹಾಳಾಗಿ ಹೋಗಲಿ ಎಂದು ಮಂಗಳಾ ಮದಲೂರಿನ ತವರಿಗೆ ಬಂದಳು.

ಅವತ್ತು ಕುರಿ ರೊಪ್ಪದಲ್ಲಿ ತಬ್ಬಲಿ ಮರಿಯೊಂದು ಚಳಿಗೆ ನಡುಗುತ್ತಿತ್ತು. ಅಂಥ ಮರಿಗಳನ್ನು ಸೆರಗಿನೊಳಗೆ ಎದೆಗವುಚಿ ಬದುಕಿಸುವುದು ಆ ಮನೆಯ ಹೆಂಗಸರ ರೂಢಿ. ಮದುವೆಗೆ ಮುಂಚೆ ಮಂಗಳಾ ಎಷ್ಟೋ ಮರಿಗಳನ್ನು ಹಾಗೆ ಉಳಿಸಿದ್ದಳು. ಇದನ್ನೂ ಅವುಚಿಕೊಂಡು ಕೂತಳು.

ಹಾಲು ಕಾಯಿಸಿ ತಂದ ಅವ್ವ ಗೌರಕ್ಕ ಸೆರಗು ಸರಿಸಿ ಮರಿಯನ್ನು ಮುಟ್ಟಿದಳು.

"ಅಯ್ಯೋ, ಆಗ್ಲೇ ತಣ್ಣಗಾಗೈತಲ್ಲೇ! ಎದೆಗೇ ಅವುಚ್ಕಂಡಿದ್ದೀಯ, ನಿಂಗೆ ಗೊತ್ತಾಗ್ಲಿಲ್ವೇನೇ ಮಗಾ?"