ಮೂರನೇ ಮೆಣಸಿನಕಾಯಿ

ಫಕ್ಕೀರವ್ವಾಯಿ ಬಾಯಿ ತಗದ್ಲು ಅಂದ್ರ ನನಗ ಸೀನು ಬರ್ತಿತ್ತು. ನಂದೇನ್ ತಪ್ಪರಿ ಇದ್ರಾಗ? ಬ್ಯಾಡಗಿ ಮೆಣಸಿನಕಾಯಿ ಅಂಗಡಿ, ಸುತ್ತಲೂ ಕೆಂಪನ ರಾಶಿ, ನಡಕ ಇಪ್ಪತ್ತು ಮಂದಿ ಹೆಣ್ಮಕ್ಕಳು ಕುಂತು ತುಂಬು ಬಿಡಸ್ತಿರ್ತಾರ. ತುಂಬು ಅಂದ್ರ ಕಾಯಿ ತೊಟ್ಟು. ಅವರಿಗೆ ಯಾರಿಗೂ ಏನೂ ಆಗಂಗಿಲ್ಲ. ಅವರೊಳಗಿನ ಆಯಿ ಕಥಿ ಫೋನ್‌ನ್ಯಾಗ ರೆಕಾರ್ಡ್ ಮಾಡಾಕ ರಾಣೇಬೆನ್ನೂರಿಂದ ಬಸ್ ಹತ್ತಿ ಹೋದ ನನಗ ಮಾತ್ರ ಮೂಗು ನಳ.

"ಆಕ್ಷೀ!"

ಮುಗೀತು. ಆಯಿ ಬಾಯಿ ಬಂದ್.

"ಒಂಟಿ ಸೀನು ಬಂತಲ್ಲ ತಂಗಿ. ನೀರು ಕುಡೀತೀನಿ, ಮತ್ತ ಮದಲಿಂದ ಹೇಳ್ತೀನಿ."

"ಆಯಿ, ಇಲ್ಲಿ ಬರೋರೆಲ್ಲಾ ದಿನಾ ಸೀನ್ತಾರಲ್ರಿ!"

"ಕೆಲಸದಾಗಿನ ಸೀನು ಲೆಕ್ಕಕ್ಕಿಲ್ಲ. ನಾ ಈಗ ನನ್ನ ಬಾಳೇ ಹೇಳಾಕತ್ತೇನಿ. ಇದು ಲೆಕ್ಕಕ್ಕೈತಿ."

ಬಾಜೂಕ ಕುಂತಿದ್ದ ಉಡಚವ್ವ ನಕ್ಕೋಂತ, "ಏ ಹುಡುಗಿ, ಇನ್ನೊಂದು ಸೀನಿಬಿಡ, ಜೋಡಿ ಆಕ್ಕೈತಿ!" ಅಂದ್ಲು. ಒಂದು ಕಾಯಿ ಮುರದು ಮೂಗಿಗೆ ಹಿಡ್ಕೊಂಡೆ. ಆವಾಗ ಬರಬೇಕಲ್ಲ? ಬರಲಿಲ್ಲ. ಆಯಿ ಮತ್ತ ಶುರು ಮಾಡಿದ ಕೂಡಲೇ ಬಂತು. ಮೂರನೇ ಸಲ ಹೇಳಬೇಕಾರ ಉಳದವರೆಲ್ಲಾ ಊಟಕ್ಕ ಎದ್ದಿದ್ರು, ನಾವಿಬ್ಬರ ಇದ್ವಿ.

ಶುಕ್ರವಾರ ಹಾವೇರಿ ಕಾಲೇಜಿನ್ಯಾಗ ತೋರಸೋದಿತ್ತು. ವೆಬ್ ಡಾಕ್ಯುಮೆಂಟರಿ ಅಂತ ಹೊಸ ಪೇಪರ್. ನೋಡೋರು ಸುಮ್ನ ಕುಂತು ನೋಡೋದಲ್ಲ, ಸ್ಕ್ರೀನ್ ಮ್ಯಾಲೆ ಎಲ್ಲಿ ಒತ್ತತಾರೋ ಅಲ್ಲಿಂದ ಕಥಿ ಬಿಚ್ಕೋಬೇಕು. ವಿಜಯೇಂದ್ರ ಸರ್ ಮದಲ ಹೇಳಿಬಿಟ್ಟಿದ್ರು, ಒಂದು ಬಟನ್ ನಡೀಲಿಲ್ಲಂದ್ರೂ ಫೇಲು, ಬ್ಯಾರೆ ವಿಷಯ ಹಿಡದು ಪೂರಾ ಮತ್ತ ಮಾಡಬೇಕು ಅಂತ. ನನ್ನ ಕಡೆ ಲ್ಯಾಪ್‌ಟಾಪ್ ಇಲ್ಲ. ಎಲ್ಲಾ ಫೋನ್‌ನ್ಯಾಗ, ಕೋಡ್ ಸುದ್ದಾ. ಹೆಬ್ಬಟ್ಟು ಬಾತಿತ್ತು.

ವಾಪಸ್ ಬರಬೇಕಾರ ಬಸ್ಸಿನ್ಯಾಗ ರೆಕಾರ್ಡಿಂಗ್ ಕೇಳಿದೆ. ಮೂರು ಸಲ ಶುರು ಮಾಡಿದ್ಲಲ್ಲ ಆಯಿ, ಮೂರೂ ಸಲ ಬ್ಯಾರೆನ ಹೇಳಿದ್ಲು! ಈ ಅಂಗಡಿ ಕೆಲಸಕ್ಕ ಯಾಕ ಬಂದ್ಲು ಅಂದ್ರ ಮದಲನೇ ಸಲ, ಗಂಡಗ ಆರಾಮ ಇರಲಿಲ್ಲ ಅಂತ. ಎರಡನೇ ಸಲ, ನೆಗೆಣ್ಣಿ, ಅಂದ್ರ ಮೈದುನನ ಹೆಂಡ್ತಿ, ಕರಕೊಂಡು ಬಂದ್ಲು ಅಂತ. ಮೂರನೇದು... ಅದನ್ನ ಕೇಳ್ಕೋಂತ ರಾಣೇಬೆನ್ನೂರು ಸ್ಟ್ಯಾಂಡಿನ್ಯಾಗ ಬಸ್ ಖಾಲಿ ಆದ್ರೂ ನಾ ಇಳೀಲಿಲ್ಲ. ಕಂಡಕ್ಟರ್ ಬೈದ.

ನನ್ನ ಗೆಳತಿ ಫರ್ಹಾನಾ ಕೇಳಿ, "ಲೇ ಹುಚ್ಚಿ, ಇದ ಅಲ್ಲೇನ ನಿನ್ನ ಡಾಕ್ಯುಮೆಂಟರಿ!" ಅಂದ್ಲು. ಹಂಗ ಮಾಡಿದೆ. ಸ್ಕ್ರೀನ್ ಮ್ಯಾಲೆ ಮೂರು ಮೆಣಸಿನಕಾಯಿ. ತೊಟ್ಟು ಒತ್ತಿದ್ರ ಒಂದೊಂದ್ರಾಗ ಒಂದೊಂದು ಶುರು. ಗುರುವಾರ ಆಯಿ ಸೊಸಿ ಕಾವೇರಿ ನಂಬರಿಗೆ ಲಿಂಕ್ ಕಳಿಸಿದೆ.

ಶುಕ್ರವಾರ ಮುಂಜಾನೆ ಹಾವೇರಿ ಬಸ್ಸಿನ್ಯಾಗಿದ್ದಾಗ ಫೋನ್ ಬಂತು.

"ತಂಗಿ, ಮೂರನೇ ಕಾಯಿ ತಗಿ."

"ಯಾಕ್ರಿ ಆಯಿ? ನೀವ ಹೇಳಿದ್ದಲ್ರಿ?"

"ನಿನ್ನ ಮುಂದ ಹೇಳೇನಿ, ಊರ ಮುಂದಲ್ಲ. ಕಾವೇರಿ ನಾಕು ಸಲ ಒತ್ತಿ ಕೇಳ್ಯಾಳ. ರಾತ್ರಿಯಿಂದ ನನ್ನ ಮಾರಿನ ನೋಡಾಕತ್ತಾಳ."

"ಹೆಸರು ತಗೀತೀನ್ರಿ."

"ದನಿ ಯಾರದು?"

"ಆಯಿ, ಇನ್ನೊಂದು ತಾಸಿನ್ಯಾಗ ತೋರಸೋದೈತ್ರಿ! ಫೇಲ್ ಆಕ್ಕೀನ್ರಿ!"

"ಆಗವ್ವ. ನಿಂದಿನ್ನೂ ವಯಸ್ಸೈತಿ," ಅಂದು ಫೋನ್ ಇಟ್ಟೇಬಿಟ್ಲು. ಎಂಥಾ ಮುದುಕಿ!

ಬೈಕೋಂತನ ತಗದೆ. ಕಾಯಿ ಚಿತ್ರ ತಗದ್ರ ಇಡೀ ಪೇಜ್ ಕೆಡ್ತಿತ್ತು, ಅದಕ್ಕ ಚಿತ್ರ ಬಿಟ್ಟೆ, ಆಡಿಯೋ ಅಷ್ಟ ತಗದೆ.

ಸರ್ ಮದಲನೇ ಕಾಯಿ ಒತ್ತಿದ್ರು, ಬಿಚ್ಕೊಂತು. ಎರಡನೇದೂ ಬಿಚ್ಕೊಂತು. "ಛಲೋ ಐತಲ್ಲ!" ಅಂದ್ರು. ಮೂರನೇದು ಒತ್ತಿದ್ರು. ಮತ್ತ ಒತ್ತಿದ್ರು.

"ಹರಿಪ್ರಿಯಾ, ಇದು?"

"ಅದ್ರಾಗಿಂದು ತಗದೇನ್ರಿ ಸರ್. ಅವರ ತಗಿ ಅಂದ್ರು."

"ಒಪ್ಪಿಗೆ ಪತ್ರಕ್ಕ ಸಹಿ ಮಾಡಿಸ್ಕೊಂಡಿದ್ದಿಲ್ಲೇನು?"

"ಮಾಡಿಸ್ಕೊಂಡಿದ್ದೆ."

"ಮುಗೀತಲ್ಲ ಮತ್ತ! ಫೈಲ್ ಫೋನ್‌ನ್ಯಾಗ ಐತಿಲ್ಲ? ಎರಡು ನಿಮಿಷ ಕೊಡ್ತೀನಿ, ಹಾಕು. ಪಾಸ್ ಮಾಡ್ತೀನಿ."

ಫರ್ಹಾನಾ ಹಿಂದಿಂದ ಕಾಲು ಒದ್ಲು, ಹಾಕಿಬಿಡು ಅಂತ. ಫೈಲ್ ಹುಡುಕಿದೆ. ಎದ್ರಿಗೆ ಇತ್ತು. ಹಾಕಿದ್ರ ಪಾಸು, ಆಯಿಗೇನ್ ಗೊತ್ತಾಗ್ತಿತ್ತು? ಆದ್ರ ಆ ದನಿ ನನಗೊಬ್ಬಾಕಿಗೆ ಹೇಳಿದ್ದು. ಒತ್ತಿ ಹಿಡದೆ. ಡಿಲೀಟ್ ಮಾಡಲೇನು ಅಂತ ಫೋನ್ ಬ್ಯಾರೆ ಕೇಳ್ತು. ಹೌದು ಅಂದೆ.

"ಈಗ ಇಲ್ರಿ ಸರ್."

"ಏನಿತ್ತವಾ ಅದ್ರಾಗ ಅಂಥಾದ್ದು?"

"ಹೇಳಂಗಿಲ್ರಿ."

ಇಲ್ಲೂ ಬರಿಯಂಗಿಲ್ಲ, ಕೇಳಬ್ಯಾಡ್ರಿ. ಸರ್ ಒಂದು ಸಲ ನನ್ನ ನೋಡಿದ್ರು, ಪಟ್ಟಿ ಒಳಗ ಫೇಲ್ ಅಂತ ಬರದ್ರು. ಬ್ಯಾರೆ ವಿಷಯ ಸೋಮವಾರದೊಳಗ ಹೇಳಬೇಕಂತ. ಆಯಿ ಮ್ಯಾಲಿನ ಸಿಟ್ಟು ಇನ್ನೂ ಇಳದಿಲ್ಲ. ಹಾವೇರ್‍ಯಾಗ ಹೊಸ ವಿಷಯಕ್ಕ ಏಲಕ್ಕಿ ಹಾರ ಕಟ್ಟೋರ ಮನಿ ಯಾರಿಗರ ಗೊತ್ತಿದ್ರ ಲಗೂನ ಹೇಳ್ರಿ.